ಸಮಾರ್ಯದವನನ್ನು ಹುಬ್ಬಳ್ಳಿಯ ಮಕ್ಕಳಿಗೆ ಹೇಗೆ ಪರಿಚಯಿಸುವುದು?

ಕೇಶ್ವಾಪುರ ಟೀಚರ್ · ಭಾನುವಾರ, ಮಧ್ಯಾಹ್ನ 2:10

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ 13ರಿಂದ 17 ವರ್ಷದ ಮಕ್ಕಳಿಗೆ ಪಾಠ ಹೇಳುತ್ತೇನೆ. ಇವತ್ತಿನ ಪಾಠ ಬೈಬಲ್ಲಿನಲ್ಲಿ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯ. ಪ್ರೀತಿಗೆ ತಾಳ್ಮೆ ಹೆಚ್ಚು ಎಂದು ಓದಿದ್ದೇ ತಡ, ಹಿಂದಿನ ಬೆಂಚು ಕಿಸಕ್ಕೆಂದಿತು. ಒಬ್ಬ ಹುಡುಗ ಮುಖ ಗಂಭೀರ ಮಾಡಿಕೊಂಡು "ಟೀಚರ್, ಯಾರ ಮೇಲೆ?" ಎಂದು ಕೇಳಿದ. ಪಾಠ ಅಲ್ಲಿಗೆ ಮುಗಿಯಿತು. ಪ್ರೀತಿ ಎಂದರೆ ಅವರಿಗೆ ಸಿನಿಮಾದ ಹಾಡು, ಕಾಲೇಜಿನ ಗೇಟು, ಅಷ್ಟೇ.

ಇದಾಗದು ಎಂದು ಲೂಕನ 10ನೆಯ ಅಧ್ಯಾಯ ತೆಗೆದೆ. ದಾರಿಯಲ್ಲಿ ಹೊಡೆಸಿಕೊಂಡು ಬಿದ್ದವನನ್ನು ಒಬ್ಬ ಯಾಜಕ, ದೇವಾಲಯದ ಇನ್ನೊಬ್ಬ ಸೇವಕ ಕಂಡೂ ಪಕ್ಕಕ್ಕೆ ಸರಿದು ಹೋದರು, ಸಮಾರ್ಯದವನೊಬ್ಬ ಎತ್ತಿದ ಎಂದು ಯೇಸು ಹೇಳಿದ ಕಥೆ. ಸಮಾರ್ಯದವನು ಎಂದರೆ ಯಾರು ಎಂದು ಕೇಳಿದರೆ ಇಡೀ ತರಗತಿ ಒಂದೇ ಬಾಯಿಯಲ್ಲಿ "ಒಳ್ಳೆಯವನು!" ಎಂದಿತು. ಅಪಘಾತದಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಾನೂನಿನ ರಕ್ಷಣೆ ಇದೆಯಲ್ಲ, 2019ರ ತಿದ್ದುಪಡಿಯದು, ಅದರಲ್ಲೂ ಇದೇ ಹೆಸರು. ಹೀಗಾಗಿ ಆ ಶಬ್ದದ ಮುಳ್ಳು ಮುರಿದೇ ಹೋಗಿದೆ. ಯೆಹೂದ್ಯರಿಗೆ ಸಮಾರ್ಯದವರನ್ನು ಕಂಡರೆ ಆಗುತ್ತಿರಲಿಲ್ಲ, ಅವರ ಮನೆಯ ನೀರೂ ಬೇಡವಾಗಿತ್ತು ಎಂದು ಹೇಳಿದೆ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: "ಹಾಗಾದರೆ ನಮ್ಮ ಹುಬ್ಬಳ್ಳಿಯಲ್ಲಿ ಸಮಾರ್ಯದವರು ಯಾರು, ಟೀಚರ್?"

ನನಗೆ ಉತ್ತರ ಗೊತ್ತಿರಲಿಲ್ಲವೆಂದಲ್ಲ. ಬಾಯಿ ಬರಲಿಲ್ಲ.

ಇನ್ನೊಂದು ಮಾತನ್ನೂ ಒಪ್ಪಿಕೊಂಡುಬಿಡುತ್ತೇನೆ. ಪಕ್ಕದ ಮನೆಯವರೊಂದಿಗೆ ನಾವು ಮಾತು ಬಿಟ್ಟು ಎರಡು ವರ್ಷವಾಯಿತು. ನಳಕ್ಕೆ ಮೋಟಾರು ಹಚ್ಚಿ ನೀರು ಎಳೆಯುತ್ತಾರೆ ಎಂಬುದೇ ಜಗಳ. ವಾರಕ್ಕೊಮ್ಮೆ ಬರುವ ನೀರು, ಅದರಲ್ಲೂ ಪಾಲು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗಾಗಿಯೇ ಹುಟ್ಟಿದಂತಿದೆ. ಮುಂದಿನ ಭಾನುವಾರ ಇದೇ ಪಾಠವನ್ನು ಮುಂದುವರಿಸಬೇಕು. ಏನು ಹೇಳಲಿ?

ಸಪ್ತಾಪುರ ರೂಮ್ · 2:24

ಪ್ರೀತಿ ಎನ್ನಬೇಡಿ, "ಅಂತಃಕರಣ" ಎನ್ನಿ. ನಮ್ಮ ಕಡೆ ಅಜ್ಜಿಯಂದಿರು ಇವತ್ತಿಗೂ ಆಡುವ ಮಾತು. ಯಾರೂ ನಗುವುದಿಲ್ಲ.

ಮಾಳಮಡ್ಡಿ ಮಾಸ್ತರ · 2:51

ಸಪ್ತಾಪುರದ ತಮ್ಮ ಹೇಳಿದ್ದು ಒಳ್ಳೆಯ ಮಾತು. ಆದರೆ ಟೀಚರ್, ನಿಮ್ಮ ತೊಂದರೆ ಹೊಸದಲ್ಲ, ಭಾಷಾಂತರ ಮಾಡಿದವರೆಲ್ಲರಿಗೂ ಇದ್ದದ್ದೇ. ಮೂಲ ಗ್ರೀಕಿನಲ್ಲಿ ಆ ಅಧ್ಯಾಯದ ಶಬ್ದ ಅಗಾಪೆ. ಲ್ಯಾಟಿನ್ನಿನಲ್ಲಿ ಅದು ಕಾರಿತಾಸ್ ಆಯಿತು. 1611ರ ಇಂಗ್ಲಿಷ್ ಬೈಬಲ್ಲಿನವರು ಅದೇ ಲ್ಯಾಟಿನ್ ಜಾಡು ಹಿಡಿದು ಆ ಅಧ್ಯಾಯದಲ್ಲಿ ಚಾರಿಟಿ ಎಂದು ಬರೆದರು. ಕಾಲ ಸರಿದಂತೆ ಚಾರಿಟಿ ಎಂದರೆ ಭಿಕ್ಷೆ, ದೇಣಿಗೆ ಎಂಬ ಅರ್ಥವೇ ಗಟ್ಟಿಯಾಯಿತು. ಹಾಗಾಗಿ ಮುಂದೆ ಬಂದ ಇಂಗ್ಲಿಷ್ ಭಾಷಾಂತರಗಳು ಲವ್‌ಗೆ ಬಂದವು, ಅದನ್ನೂ ಸಿನಿಮಾದವರು ಬಿಡಲಿಲ್ಲ. ಯಾವ ಶಬ್ದವನ್ನು ಹಿಡಿದರೂ ಐವತ್ತು ವರ್ಷದಲ್ಲಿ ಸವೆಯುತ್ತದೆ. ನಮ್ಮ ಕಿಟೆಲ್ ಸಾಹೇಬರು ಕನ್ನಡಕ್ಕೆ ಬೈಬಲ್ ತಂದಾಗ "ಪ್ರೀತಿ" ಎಂದು ಹಾಕಿದ್ದರಲ್ಲಿ ತಪ್ಪಿಲ್ಲ.

ದೈವಶಾಸ್ತ್ರ ಎರಡನೇ ವರ್ಷ · 3:05

ಮಾಸ್ತರರೇ, ಕ್ಷಮಿಸಿ, ಒಂದು ತಿದ್ದುಪಡಿ. ಕನ್ನಡಕ್ಕೆ ಬೈಬಲ್ ತಂದವರು ಕಿಟೆಲ್ ಅಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ದುಡಿದು 1831ರಲ್ಲಿ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಕಿಟೆಲ್ ಹುಟ್ಟಿದ್ದೇ 1832ರಲ್ಲಿ!

ಮಾಳಮಡ್ಡಿ ಮಾಸ್ತರ · 3:11

ಸರಿ, ಸೋತೆ. ನಾಲ್ವತ್ತು ವರ್ಷ ಪಾಠ ಹೇಳಿದವನಿಗೆ ಒಂದು ವರ್ಷದ ಅಂತರದಲ್ಲಿ ಮಂಗಳಾರತಿ. ಆದರೂ 1853ರಲ್ಲಿ ಧಾರವಾಡಕ್ಕೆ ಬಂದು, ಇಲ್ಲಿಯ ಜನರ ಬಾಯಿಂದ ಕನ್ನಡ ಕಲಿತು, 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ಕೋಶ ಕೊಟ್ಟ ಮನುಷ್ಯನನ್ನು ನಾನು ಬಿಟ್ಟುಕೊಡುವುದಿಲ್ಲ. ಯೇಸುವಿನ ಕಥೆಯನ್ನು ನಮ್ಮ ಷಟ್ಪದಿಗಳಲ್ಲಿ ಬರೆಯಲು ಕೈಹಾಕಿದವನು ಆತ. ತಾನು ಹೇಳಬೇಕಾದದ್ದನ್ನು ಎದುರಿನವನ ಲಯದಲ್ಲಿ ಹೇಳಬೇಕು ಎಂಬುದು ಅವನಿಗೆ ತಿಳಿದಿತ್ತು.

ದೈವಶಾಸ್ತ್ರ ಎರಡನೇ ವರ್ಷ · 3:30

ಅದನ್ನು ಒಪ್ಪುತ್ತೇನೆ. ಟೀಚರ್ ಅಕ್ಕಾ, ಇನ್ನೊಂದು ಎಚ್ಚರಿಕೆ. ಬಹಳ ಪ್ರಸಂಗಗಳಲ್ಲಿ "ಅಗಾಪೆ ಎಂದರೆ ದೇವರ ಪ್ರೀತಿ, ಅದು ಪವಿತ್ರ ಶಬ್ದ" ಎಂದು ಹೇಳಿಬಿಡುತ್ತಾರೆ. ಅದು ಪೂರ್ತಿ ನಿಜವಲ್ಲ. ಹಳೆಯ ಒಡಂಬಡಿಕೆಯ ಗ್ರೀಕ್ ಭಾಷಾಂತರದಲ್ಲಿ ದಾವೀದನ ಮಗ ಅಮ್ನೋನನು ಮಲತಂಗಿ ತಾಮಾರಳ ಮೇಲೆ ಇಟ್ಟ ಕೆಟ್ಟ ಆಸೆಗೂ ಅದೇ ಧಾತು ಬಳಕೆಯಾಗಿದೆ. ಜೊತೆಗಾರನಾಗಿದ್ದ ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದ ಎನ್ನುವಲ್ಲಿಯೂ ಅದೇ. ಶಬ್ದವನ್ನು ಮಾತ್ರ ಬೋಧಿಸಿದರೆ ಮಕ್ಕಳಿಗೆ ಒಂದು ಗ್ರೀಕ್ ಶಬ್ದ ಬಾಯಿಪಾಠವಾಗುತ್ತದೆ, ಅಷ್ಟೇ.

ಸಮಾರ್ಯದವನ ಆ ಸಾಮ್ಯದಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ನಿಜವಾಗಿ ನಮ್ಮ ಭಾಷೆಗೆ ಹತ್ತಿರವಾದ ಶಬ್ದ ಬೇರೆ ಇದೆ. ಸಮಾರ್ಯದವನು ಬಿದ್ದವನನ್ನು ಕಂಡು "ಕನಿಕರಪಟ್ಟನು" ಎಂದು ನಾವು ಓದುತ್ತೇವಲ್ಲ, ಮೂಲದಲ್ಲಿ ಆ ಕ್ರಿಯಾಪದ ಹುಟ್ಟಿದ್ದು ಕರುಳು ಎಂಬ ಶಬ್ದದಿಂದ. ಕರುಳು ಚುರ್ ಎಂದಿತು ಎಂದು ನಮ್ಮ ಅವ್ವಂದಿರು ಹೇಳುವುದು ಅದನ್ನೇ. ಹಿಬ್ರೂವಿನಲ್ಲಿ ಕರುಣೆಯ ಶಬ್ದಕ್ಕೂ ಗರ್ಭ ಎಂಬ ಶಬ್ದಕ್ಕೂ ಒಂದೇ ಬೇರು. ಇಂಗ್ಲಿಷಿನವರು ಇದನ್ನು ಅಡಿಟಿಪ್ಪಣಿ ಹಾಕಿ ವಿವರಿಸಬೇಕಾಗುತ್ತದೆ, ನಮಗೆ ಆ ಕಷ್ಟವಿಲ್ಲ.

ಶಿಗ್ಗಾಂವಿ ಅಕ್ಕ · 3:42

ಓಹೋ, ಇದು ಚೆನ್ನಾಗಿದೆ. ಹೊಟ್ಟೆಕಿಚ್ಚು ಹುಟ್ಟುವುದೂ ಅದೇ ಹೊಟ್ಟೆಯಲ್ಲಿ, ಕರುಳು ಚುರ್ ಎನ್ನುವುದೂ ಅಲ್ಲಿಯೇ. ಪಕ್ಕದ ಮನೆಯವರ ಮೋಟಾರಿನ ಸದ್ದು ಕೇಳಿದಾಗ ಟೀಚರಮ್ಮನ ಹೊಟ್ಟೆಯಲ್ಲಿ ಯಾವುದು ಮೊದಲು ಏಳುತ್ತದೆ ಎಂಬುದೇ ಪ್ರಶ್ನೆ.

ಕೇಶ್ವಾಪುರ ಟೀಚರ್ · 3:44

ಕೇಳಬೇಕೆ ಅಕ್ಕಾವರೇ!

ಕರಿಕೋಟು · 4:02

ಎಲ್ಲರೂ ಶಬ್ದಗಳ ಜಾತ್ರೆ ಮಾಡುತ್ತಿದ್ದೀರಿ, ಮಾಡಿ. ನಾನು ಕೋರ್ಟಿನ ಮನುಷ್ಯ, ಕೆಟ್ಟ ಪ್ರಶ್ನೆ ಕೇಳುವುದೇ ಉದ್ಯೋಗ. ಈ ನಿಸ್ವಾರ್ಥ ಪ್ರೀತಿ ಎನ್ನುವುದು ನಿಜವಾಗಿ ನಿಸ್ವಾರ್ಥವೇ? ಅಕ್ಕಿ ಚೀಲ ಕೊಟ್ಟು, ಔಷಧ ಕೊಟ್ಟು, ಆಮೇಲೆ ಭಾನುವಾರ ಬನ್ನಿ ಎನ್ನುವ ಪ್ರೀತಿಯನ್ನು ನಾವು ಕಂಡಿಲ್ಲವೇ? ಬರಗಾಲದಲ್ಲಿ ಹೊಟ್ಟೆಗಿಲ್ಲದವರಿಗೆ ಅನ್ನ ಹಾಕಿ ಹೆಸರು ಬದಲಿಸಿದರೆ ಅದಕ್ಕೆ ಏನೆನ್ನಬೇಕು?

ಬೆಟಗೇರಿ ಮಗ್ಗ · 4:20

ವಕೀಲರೇ, ನಾವು ನೇಕಾರರು, ಕ್ರೈಸ್ತರಲ್ಲ. ನನ್ನ ಅವ್ವ, ನಾನು, ನನ್ನ ಎರಡು ಮಕ್ಕಳು ಹುಟ್ಟಿದ್ದು ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ. ನಮ್ಮ ಓಣಿಯಲ್ಲಿ ಅದಕ್ಕೆ ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತೇವೆ. ಮೂರು ತಲೆಮಾರಿನಲ್ಲಿ ಯಾರೂ ನಮ್ಮನ್ನು ಭಾನುವಾರ ಬನ್ನಿ ಎನ್ನಲಿಲ್ಲ. ಅವ್ವನ ಹೆರಿಗೆಯಲ್ಲಿ ರಾತ್ರಿಯಿಡೀ ಕಾಲ ಬಳಿ ನಿಂತ ನರ್ಸಮ್ಮನ ಹೆಸರೂ ನಮಗೆ ಗೊತ್ತಿಲ್ಲ. ಬೇರೆ ಕಡೆ ಬೇರೆ ರೀತಿ ನಡೆದಿರಬಹುದು, ನಾನು ಕಂಡಿದ್ದನ್ನು ಹೇಳಿದೆ.

ದೈವಶಾಸ್ತ್ರ ಎರಡನೇ ವರ್ಷ · 4:31

ಕರಿಕೋಟು ಸರ್ ಕೇಳಿದ ಪ್ರಶ್ನೆಯಿಂದ ನಾವು ಜಾರಿಕೊಳ್ಳಬಾರದು. ಟೀಚರ್ ಹೇಳಿದ ಅದೇ 13ನೆಯ ಅಧ್ಯಾಯದಲ್ಲಿ ಪೌಲನೇ ಅದನ್ನು ಕೇಳಿಕೊಂಡಿದ್ದಾನೆ: ನನಗಿರುವುದನ್ನೆಲ್ಲ ಬಡವರಿಗೆ ಹಂಚಿದರೂ ಪ್ರೀತಿಯಿಲ್ಲದಿದ್ದರೆ ಏನೂ ಪ್ರಯೋಜನವಿಲ್ಲ ಎಂದು. ಅಂದರೆ ಅಕ್ಕಿ ಚೀಲ ಬೇರೆ, ಪ್ರೀತಿ ಬೇರೆ ಎಂದು ಅವನಿಗೂ ಗೊತ್ತಿತ್ತು. ಸಾಮ್ಯವನ್ನೂ ನೋಡಿ. ಸಮಾರ್ಯದವನು ಬಿದ್ದವನ ಕುಲ ಕೇಳಲಿಲ್ಲ, ತನ್ನ ಹೆಸರು ಹೇಳಲಿಲ್ಲ, ನಮ್ಮ ಗೆರಿಜ್ಜೀಮ್ ಬೆಟ್ಟಕ್ಕೆ ಪೂಜೆಗೆ ಬಾ ಎನ್ನಲಿಲ್ಲ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿ, ಛತ್ರಕ್ಕೆ ಕರೆತಂದು, ಎರಡು ದಿನಾರಿ ನಾಣ್ಯ ಕೊಟ್ಟು, ಬೆಳಿಗ್ಗೆ ಎದ್ದು ತನ್ನ ದಾರಿ ಹಿಡಿದ.

ಕರಿಕೋಟು · 4:36

ಇದನ್ನು ದಾಖಲೆಗೆ ತೆಗೆದುಕೊಂಡೆ. ಆದರೆ ಯಾಜಕನ ಪರವಾಗಿಯೂ ವಕಾಲತ್ತು ಹಾಕುವವರು ಬೇಕು. ಆತ ಮಡಿಯ ಮನುಷ್ಯ. ಹೆಣ ಮುಟ್ಟಿದರೆ ಮೈಲಿಗೆ. ಅರೆಜೀವವೋ ಹೆಣವೋ ದೂರದಿಂದ ತಿಳಿಯಲಿಲ್ಲ. ನಮ್ಮೂರಲ್ಲಿ ಮಡಿಯುಟ್ಟವರು ಓಣಿಯಲ್ಲಿ ನಡೆಯುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ದೈವಶಾಸ್ತ್ರ ಎರಡನೇ ವರ್ಷ · 4:48

ವಾದ ಬಲವಾಗಿದೆ, ಒಂದು ಶಬ್ದ ಮಾತ್ರ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಯಾಜಕನು ಆ ದಾರಿಯಲ್ಲಿ "ಇಳಿದು" ಹೋಗುತ್ತಿದ್ದ ಎಂದಿದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಇಪ್ಪತ್ತೇಳು ಕಿಲೋಮೀಟರಿನಷ್ಟು ದಾರಿ, ಅಷ್ಟರಲ್ಲಿ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿಜಾರು. ಇಳಿಯುತ್ತಿದ್ದ ಎಂದರೆ ದೇವಾಲಯಕ್ಕೆ ಬೆನ್ನು ಹಾಕಿ ಹೊರಟಿದ್ದ ಎಂದಾಯಿತು. ದೇವಾಲಯದ ಕೆಲಸಕ್ಕೆ ಮಡಿ ಕೆಡುತ್ತದೆ ಎಂಬ ನೆಪಕ್ಕೆ ಅಲ್ಲಿ ಜಾಗ ಕಡಿಮೆ.

ಕರಿಕೋಟು · 4:50

ಹಾಗಾದರೆ ವಕಾಲತ್ತು ಹಿಂಪಡೆಯುತ್ತೇನೆ. ಕಕ್ಷಿದಾರ ಸುಳ್ಳು ಹೇಳಿದ್ದ.

ಕುರಿಹಟ್ಟಿ · ಸಂಜೆ 6:15

ರಾಣೆಬೆನ್ನೂರು ಕಡೆಯವನು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಆದರೆ ಹೇಳಲೇಬೇಕು. ನಾನು ಮಿಷನ್ ಹಾಸ್ಟೆಲಿನಲ್ಲಿ ಓದಿದವನು, ಕುರುಬರ ಮನೆಯವನು. ಅಲ್ಲಿ ಬೆಳಗಿನ ಪ್ರಾರ್ಥನೆಯಲ್ಲಿ 23ನೆಯ ಕೀರ್ತನೆ. "ಯೆಹೋವನು ನನಗೆ ಕುರುಬನು" ಎಂದು ಓದಿದಾಗಲೆಲ್ಲ ಹುಡುಗರು ನನ್ನ ಕಡೆ ತಿರುಗಿ ನಗುತ್ತಿದ್ದರು. ಒಂದು ದಿನ ವಾರ್ಡನ್ ಓದುವುದನ್ನು ನಿಲ್ಲಿಸಿ ಹೇಳಿದರು: "ದೇವರಿಗೆ ಏನು ಹೆಸರಿಡಬೇಕು ಎಂದು ದಾವೀದ ಯೋಚಿಸಿದಾಗ ಅವನಿಗೆ ಹೊಳೆದದ್ದು ಇವನ ಅಪ್ಪನ ಕೆಲಸ. ನಿಮ್ಮಲ್ಲಿ ಯಾರ ಅಪ್ಪನ ಕೆಲಸದ ಹೆಸರು ದೇವರಿಗಿದೆ, ಎದ್ದು ನಿಲ್ಲಿ." ಯಾರೂ ಏಳಲಿಲ್ಲ. ಈಗ ಕೆಲವು ಕಡೆ ಕುರಿಪಾಲಕ, ಕುರಿಗಾಹಿ ಎಂದು ಬರೆಯುತ್ತಾರಂತೆ. ನನ್ನ ಮಟ್ಟಿಗೆ ಹಳೆಯದೇ ಇರಲಿ.

ಇನ್ನು ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಲು ಹೋದ ಕಥೆ. ಊರಲ್ಲಿ ಕುಳಿತು ಪ್ರಸಂಗ ಮಾಡುವವರು "ನೋಡಿ, ಎಂಥ ಹುಚ್ಚು ಪ್ರೀತಿ, ತೊಂಬತ್ತೊಂಬತ್ತನ್ನು ಗಾಳಿಗೆ ಬಿಟ್ಟ" ಎನ್ನುತ್ತಾರೆ. ನಮ್ಮ ಅಪ್ಪ ಇದನ್ನು ಕೇಳಿ ನಕ್ಕಿದ್ದ. ಹಿಂಡಿನ ಜೊತೆ ಒಬ್ಬನೇ ಯಾವನೂ ಹೋಗುವುದಿಲ್ಲ. ಮುಂದೆ ಒಬ್ಬ, ಹಿಂದೆ ಒಬ್ಬ, ಜೊತೆಗೆ ನಾಯಿ. ನಮ್ಮ ಕಡೆ ತೋಳದ ಕಾಟ ಇವತ್ತಿಗೂ ಇದೆ. ಉಳಿದದ್ದನ್ನು ಅಣ್ಣ ತಮ್ಮಂದಿರ ಕೈಗೆ ಒಪ್ಪಿಸಿಯೇ ಹೋಗುತ್ತಾರೆ. ಹೆಗಲ ಮೇಲೆ ಹೊತ್ತು ತಂದ ಎಂಬುದು ಮಾತ್ರ ಅಕ್ಷರಶಃ ಸತ್ಯ. ಬೆದರಿದ ಕುರಿ ನಡೆಯುವುದಿಲ್ಲ, ಮಲಗಿಬಿಡುತ್ತದೆ. ಎಳೆದರೂ ಏಳದು, ಹೊಡೆದರೂ ಏಳದು. ನಾಲ್ಕೂ ಕಾಲು ಎದೆಯ ಮುಂದೆ ಹಿಡಿದು ಹೆಗಲಿಗೆ ಹಾಕಿಕೊಳ್ಳಬೇಕು. ಅರ್ಧ ಮೈಲು ನಡೆಯುವುದರೊಳಗೆ ಕುತ್ತಿಗೆ ಬಿದ್ದುಹೋಗುತ್ತದೆ. ಅದು ಅಂಗಿಯ ಮೇಲೆ ಉಚ್ಚೆ ಹೊಯ್ಯುತ್ತದೆ. ಚಿತ್ರದಲ್ಲಿ ಬಿಳಿಯ ಅಂಗಿ ಬರೆಯುತ್ತಾರಲ್ಲ, ಅದನ್ನು ನೋಡಿದರೂ ಅಪ್ಪನಿಗೆ ನಗು.

ಸಪ್ತಾಪುರ ರೂಮ್ · 6:20

ಈ ಇಡೀ ಚರ್ಚೆಯಲ್ಲಿ ನನಗೆ ಅರ್ಥವಾದ ಮೊದಲ ಪ್ರಸಂಗ ಇದು.

ಹಾವೇರಿ ಏಲಕ್ಕಿ · 7:02

ಕುರಿಹಟ್ಟಿ ತಮ್ಮಾ, ಬಹಳ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ. ಅದೇ ಲೂಕನ 15ನೆಯ ಅಧ್ಯಾಯದ ದಾರಿತಪ್ಪಿದ ಮಗನ ಕಥೆಯನ್ನೂ ನಮ್ಮ ಹೊಲದ ಬದುವಿನ ಮೇಲೆ ನಿಂತು ಓದಬೇಕು. ಅಪ್ಪ ಜೀವಂತ ಇರುವಾಗಲೇ ಸಣ್ಣ ಮಗ ವಾಟ್ನಿ ಕೇಳಿದ. ನಮ್ಮಲ್ಲಿ ಹಾಗೆ ಕೇಳಿದರೆ "ನಾನು ಸಾಯುವ ತನಕವೂ ತಡೆಯಲಿಲ್ಲವೇ" ಎಂದು ಅಪ್ಪ ನೆಲ ಹಿಡಿಯುತ್ತಾನೆ. ಕೊಟ್ಟದ್ದನ್ನು ಮಗ ಮಾರಿದ. ಊರಿನವರು ಏನೆಲ್ಲ ಆಡಿಕೊಂಡಿರಬೇಡ! ಅವನು ತಿರುಗಿ ಬರುವಾಗ ಅಪ್ಪ ಓಡಿಹೋಗಿ ಅಪ್ಪಿಕೊಂಡ. ಹಿರಿಯ ಮನುಷ್ಯ, ಧೋತರದ ಚುಂಗು ಕೈಯಲ್ಲಿ ಹಿಡಿದು ಊರ ಮುಂದೆ ಓಡುವುದೆಂದರೆ ಏನು! ನಮ್ಮ ಮಾವನವರು ಜೀವಮಾನದಲ್ಲಿ ಬಸ್ಸಿಗೂ ಓಡಿದವರಲ್ಲ. ಬಸ್ ಹೋದರೆ ಹೋಗಲಿ ಎನ್ನುತ್ತಿದ್ದರು.

ಮಾಳಮಡ್ಡಿ ಮಾಸ್ತರ · 7:25

ಅಕ್ಕಾವರೇ, ಆ ಕಥೆಯ ಬಗ್ಗೆ ಒಂದು ಸ್ವಾರಸ್ಯವಿದೆ. ಈ ಸಲ ಸರಿಯಾಗಿ ನೋಡಿಕೊಂಡೇ ಹೇಳುತ್ತಿದ್ದೇನೆ. ಮಾರ್ಕ್ ಅಲನ್ ಪೊವೆಲ್ ಎಂಬ ವಿದ್ವಾಂಸ ಅಮೆರಿಕದ ನೂರು ವಿದ್ಯಾರ್ಥಿಗಳಿಗೆ ಆ ಕಥೆ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿನಿಂದ ಹೇಳಿಸಿದ. ದುಡ್ಡು ಮುಗಿದ ಮೇಲೆ ಮಗ ಹೋಗಿದ್ದ ದೇಶದಲ್ಲಿ ಬರ ಬಂತು ಎಂಬ ಮಾತನ್ನು ನೆನಪಿಟ್ಟವರು ಆರೇ ಜನ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಐವತ್ತು ಜನರನ್ನು ಕೇಳಿದರೆ ನಲವತ್ತೆರಡು ಜನ ಬರವನ್ನು ಹೇಳಿದರು. ಎರಡನೆಯ ಮಹಾಯುದ್ಧದಲ್ಲಿ ಮುತ್ತಿಗೆ ಬಿದ್ದು ಲಕ್ಷಗಟ್ಟಲೆ ಜನ ಹಸಿದು ಸತ್ತ ಊರು ಅದು. ಹುಡುಗ ದುಡ್ಡು ಹಾಳುಮಾಡಿದ್ದು ಅಮೆರಿಕದವರಿಗೆ ಕಂಡಿತು, ಬರ ರಷ್ಯಾದವರಿಗೆ ಕಂಡಿತು. ಪುಸ್ತಕ ಒಂದೇ.

ಹಾವೇರಿ ಏಲಕ್ಕಿ · 7:33

1972ರ ಬರ ಕಂಡ ನಮ್ಮ ಅತ್ತೆಗೆ ಇದನ್ನು ಓದಿ ಹೇಳಿದೆ. ಬರದ ಕಾಮಗಾರಿಯಲ್ಲಿ ಕಲ್ಲು ಒಡೆದವರು. ಕೇಳಿದ ಮೊದಲ ಪ್ರಶ್ನೆ: "ಆ ಊರಿನವರು ಹುಡುಗನಿಗೆ ಒಂದು ರೊಟ್ಟಿ ಕೊಡಲಿಲ್ಲವೇ?" ತೆಗೆದು ನೋಡಿದರೆ ಯಾರೂ ಅವನಿಗೆ ಏನೂ ಕೊಡಲಿಲ್ಲ ಎಂದು ಬರೆದೇ ಇದೆ. ನಾನು ಎಷ್ಟು ಸಲ ಓದಿದ್ದೇನೆ, ಕಣ್ಣಿಗೇ ಬಿದ್ದಿರಲಿಲ್ಲ.

ಶಿಗ್ಗಾಂವಿ ಅಕ್ಕ · ರಾತ್ರಿ 8:40

ನಾವು ಲಿಂಗಾಯತರು. ನನ್ನ ಕಥೋಲಿಕ ಗೆಳತಿಯೊಂದಿಗೆ ಒಮ್ಮೆ ಅವರ ಪವಿತ್ರ ಗುರುವಾರದ ಪೂಜೆಗೆ ಹೋಗಿದ್ದೆ. ಸ್ವಾಮಿಗಳು ಮೊಣಕಾಲೂರಿ ಹನ್ನೆರಡು ಜನರ ಪಾದ ತೊಳೆದರು. ಅದರಲ್ಲಿ ಒಬ್ಬಳು ತರಕಾರಿ ಮಾರುವ ಮುದುಕಿ, ಹಿಮ್ಮಡಿ ಒಡೆದ ಪಾದ. ನನಗೆ ಮೈ ಜುಮ್ಮೆಂದಿತು. ನಮ್ಮಲ್ಲಿ ಶಿಷ್ಯರು ಗುರುವಿನ ಪಾದ ತೊಳೆದು ಪಾದೋದಕ ತೆಗೆದುಕೊಳ್ಳುತ್ತಾರೆ. ಗುರುವೇ ಬಾಗಿ ಶಿಷ್ಯನ ಪಾದ ಹಿಡಿದರೆ ಶಿಷ್ಯನಿಗೆ ನರಕ ಕಂಡಂತಾಗುತ್ತದೆ. ಯೇಸು ಶಿಷ್ಯರ ಪಾದ ತೊಳೆಯಲು ಬಂದಾಗ ಪೇತ್ರನು "ನೀನು ನನ್ನ ಪಾದ ತೊಳೆಯಲೇಬಾರದು" ಎಂದು ತಡೆದನಂತೆ. ಕೈ ತೊಳೆಯಲು ನಳ, ಕಾಲಿಗೆ ಬೂಟು ಇರುವ ದೇಶದವರಿಗಿಂತ ಅವನ ಸಂಕಟ ನಮಗೆ ಚೆನ್ನಾಗಿ ತಿಳಿಯುತ್ತದೆ.

ಹಾಗೆಂದು ಇದೇ ನಮ್ಮ ದಾಸೋಹ, ಎಲ್ಲ ಒಂದೇ ಎಂದು ಗಂಟು ಹಾಕುವುದು ಬೇಡ. ದಾಸೋಹದ ಹಿಂದೆ ಬೇರೆ ತತ್ವವಿದೆ, ಇದರ ಹಿಂದೆ ಬೇರೆ. ಹೋಲುವ ಮುಖಗಳೆಲ್ಲ ಅಕ್ಕ ತಂಗಿಯರೇ ಆಗಿರಬೇಕಿಲ್ಲ.

ಮಾಳಮಡ್ಡಿ ಮಾಸ್ತರ · 8:52

2016ಕ್ಕೆ ಮೊದಲು ಕಥೋಲಿಕರ ನಿಯಮದಲ್ಲಿ ಆ ಹನ್ನೆರಡು ಜನ ಗಂಡಸರೇ ಆಗಿರಬೇಕಿತ್ತು. ಪೋಪ್ ಫ್ರಾನ್ಸಿಸ್ ಆ ವರ್ಷ ಅದನ್ನು ಬದಲಿಸಿದರು. ಆ ಮುದುಕಿಯ ಪಾದದ ಸರದಿ ಬಹಳ ತಡವಾಗಿ ಬಂತು.

ಸಪ್ತಾಪುರ ರೂಮ್ · 9:05

ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಎನ್ನುವುದನ್ನೂ ಯಾರಾದರೂ ಬಿಡಿಸಿ ಹೇಳಿ. ಅದು ಹೇಡಿತನವಲ್ಲವೇ?

ದೈವಶಾಸ್ತ್ರ ಎರಡನೇ ವರ್ಷ · 9:21

ಮತ್ತಾಯನು "ಬಲಗೆನ್ನೆ" ಎಂದು ಗುರುತಿಟ್ಟು ಬರೆದಿದ್ದಾನೆ. ಎದುರಿಗೆ ನಿಂತವನ ಬಲಗೆನ್ನೆಗೆ ಬಲಗೈಯಿಂದ ಹೊಡೆಯಬೇಕಾದರೆ ಅಂಗೈ ತಿರುಗಿಸಿ ಹಿಂಗೈಯಿಂದಲೇ ಹೊಡೆಯಬೇಕು. ಅದು ನೋವಿನ ಏಟಲ್ಲ, ಮರ್ಯಾದೆ ತೆಗೆಯುವ ಏಟು. ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ಅಂಗೈಯಿಂದ ಹೊಡೆದರೆ ಇನ್ನೂರು ಜೂಜ್ ನಾಣ್ಯ ದಂಡ, ಹಿಂಗೈಯಿಂದ ಹೊಡೆದರೆ ನಾನೂರು. ನಮ್ಮಲ್ಲಿ ಎಡಗೈಯಿಂದ ದುಡ್ಡು ಕೊಟ್ಟರೆ ಮೈ ಉರಿಯುತ್ತದಲ್ಲ, ಆ ಜಾತಿಯ ಅವಮಾನ. ಇನ್ನೊಂದು ಕೆನ್ನೆ ತಿರುಗಿಸುವುದೆಂದರೆ "ಹೊಡೆಯುವುದಿದ್ದರೆ ಸರಿಸಮನಿಗೆ ಹೊಡೆದಂತೆ ಹೊಡೆ" ಎಂದ ಹಾಗೆ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಎಲ್ಲರೂ ಒಪ್ಪುವುದಿಲ್ಲ, ನನಗೆ ಹಿಡಿಸಿದೆ.

ನಿರ್ವಾಹಕ · ಸೋಮವಾರ, ಬೆಳಿಗ್ಗೆ 8:00

ರಾತ್ರಿ ಟೀಚರ್ ಅವರ "ನಮ್ಮ ಸಮಾರ್ಯದವರು ಯಾರು" ಎಂಬ ಪ್ರಶ್ನೆಗೆ ಮೂವರು ನೇರವಾಗಿ ಒಂದೊಂದು ಜಾತಿ, ಧರ್ಮದ ಹೆಸರು ಹಿಡಿದು ಉತ್ತರ ಬರೆದಿದ್ದರು. ಕೆಳಗೆ ಬೈಗುಳದ ಮಳೆಯಾಯಿತು. ಎಲ್ಲವನ್ನೂ ತೆಗೆದಿದ್ದೇನೆ. ದಯವಿಟ್ಟು ಹೆಸರು ಹೇಳದೆ ಚರ್ಚಿಸಿ.

ಕರಿಕೋಟು · 8:19

ನಿರ್ವಾಹಕರು ತಮಗೆ ಗೊತ್ತಿಲ್ಲದೆಯೇ ಸಾಮ್ಯದ ಕೊನೆಯ ಸಾಲನ್ನು ಆಡಿ ತೋರಿಸಿದ್ದಾರೆ. ನಿನ್ನೆ ರಾತ್ರಿ ಕುಳಿತು ಓದಿದೆ. ಪ್ರಶ್ನೆ ಕೇಳಿದವನು ನನ್ನಂತೆಯೇ ವಕೀಲ, ಧರ್ಮಶಾಸ್ತ್ರದ ವಕೀಲ. ಮೂವರಲ್ಲಿ ಯಾರು ನೆರೆಯವನಾದ ಎಂದು ಯೇಸು ಕೇಳಿದಾಗ ಅವನು "ಸಮಾರ್ಯದವನು" ಎನ್ನುವುದಿಲ್ಲ. "ಅವನಿಗೆ ದಯೆ ತೋರಿಸಿದವನು" ಎನ್ನುತ್ತಾನೆ. ಆ ಶಬ್ದ ಅವನ ನಾಲಿಗೆಯ ಮೇಲೆ ಬರಲೇ ಇಲ್ಲ. ಟೀಚರ್‌ಗೂ ನಿನ್ನೆ ಬಾಯಿ ಬರಲಿಲ್ಲ. ನಮ್ಮ ವೇದಿಕೆಯಲ್ಲೂ ಹೆಸರು ಅಳಿಸಿಹೋಯಿತು. ಎರಡು ಸಾವಿರ ವರ್ಷದಿಂದ ಒಂದೇ ಗಂಟಲು ಕಟ್ಟಿದೆ.

ದೈವಶಾಸ್ತ್ರ ಎರಡನೇ ವರ್ಷ · 8:25

ಸರ್, ನೀವು ನಮ್ಮ ತರಗತಿಗೆ ಬಂದು ಪಾಠ ಮಾಡಬೇಕು.

ಬೆಟಗೇರಿ ಮಗ್ಗ · 8:40

ಸಮಾರ್ಯದವರನ್ನು ಹೊರಗೆ ಹುಡುಕುವುದೇಕೆ? ನನ್ನ ಕ್ರೈಸ್ತ ಗೆಳೆಯನ ಮಗಳ ಮದುವೆ ಮಾತುಕತೆಗೆ ಹೋಗಿದ್ದೆ. ಎರಡೂ ಮನೆಯವರು ಪ್ರಾರ್ಥನೆ ಮಾಡಿ, ಚಹಾ ಕುಡಿದು, ಆಮೇಲೆ ದನಿ ತಗ್ಗಿಸಿ ಕೇಳಿದ ಮೊದಲ ಮಾತು "ನಿಮ್ಮ ಮೂಲ ಯಾವುದು?" ಸಂಬಂಧ ಅಲ್ಲಿಗೇ ಮುರಿಯಿತು. ಗೆಳೆಯ ಹೊರಗೆ ಬಂದು ನನ್ನ ಬೈಕಿನ ಹಿಂದೆ ಕುಳಿತವನು ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ.

ಉಳ್ಳಾಗಡ್ಡಿ ವ್ಯಾಪಾರಿ · 10:12

ನನಗೆ ಗ್ರೀಕ್ ಗೊತ್ತಿಲ್ಲ, ಆದರೆ ಎರಡು ದಿನಾರಿಯ ಲೆಕ್ಕ ಗೊತ್ತು. ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ವ್ಯಾಪಾರ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಟೆಂಪೋದವನೊಬ್ಬನೊಂದಿಗೆ ಬಾಡಿಗೆಯ ಸಲುವಾಗಿ ಜಗಳವಾಯಿತು. ನಿನ್ನ ಜಾತಿಯವರೇ ಹೀಗೆ ಎಂದು ನಾಲ್ಕು ಜನರೆದುರು ಅಂದೆ. ಅದೇ ಸಂಜೆ ಬೈಪಾಸಿನಲ್ಲಿ ನನ್ನ ಬೈಕಿಗೆ ಲಾರಿ ತಗುಲಿತು. ಬಿದ್ದಲ್ಲಿಯೇ ಇದ್ದೆ, ಕಾಲಿನ ಎಲುಬು ಹೊರಗೆ. ಎರಡು ಕಾರು ನಿಧಾನ ಮಾಡಿ, ಫೋಟೋ ತೆಗೆದು ಹೋದವು. ಮೂರನೆಯದಾಗಿ ನಿಂತದ್ದು ಆ ಟೆಂಪೋ.

ಅವನಿಗೆ ನನ್ನ ಮುಖ ಗುರುತು ಹತ್ತಿತು, ನನಗೂ ಹತ್ತಿತು. ಖಾಲಿ ಗೋಣಿಚೀಲ ಹಾಸಿ ಮಲಗಿಸಿಕೊಂಡ. ಆಸ್ಪತ್ರೆಯಲ್ಲಿ ಮುಂಗಡ ಕಟ್ಟಿದರೆ ಮಾತ್ರ ಎಂದರು, ತನ್ನ ಅಂದಿನ ಬಾಡಿಗೆ ಪೂರ್ತಿ ಕಟ್ಟಿದ. ಸಾಲದೆ ಬಂದಾಗ ಔಷಧದ ಅಂಗಡಿಯವನಿಗೆ "ಉದ್ರಿ ಬರೆದುಕೊಳ್ಳಿ, ನಾಳೆ ಮಾರ್ಕೆಟ್ಟಿಗೆ ಬಂದಾಗ ಕೊಡುತ್ತೇನೆ" ಎಂದ. ಮಾಸ್ತರರೇ, ಸಾಮ್ಯದಲ್ಲಿಯೂ ಹೀಗೆಯೇ ಇದೆಯಂತೆ, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದು. ದುಡ್ಡು ಕೊಡುವುದು ದೊಡ್ಡದಲ್ಲ. ತನ್ನನ್ನು ಬೈದವನ ಸಲುವಾಗಿ ತನ್ನ ಹೆಸರಿನಲ್ಲಿ ಉದ್ರಿ ಬರೆಸಿದನಲ್ಲ, ಅದನ್ನು ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

ದುಡ್ಡು ತಿರುಗಿ ಕೊಟ್ಟೆ. ಆಡಿದ ಮಾತನ್ನು ಹೇಗೆ ತಿರುಗಿ ತೆಗೆದುಕೊಳ್ಳುವುದೆಂದು ತಿಳಿಯಲಿಲ್ಲ. ಅವನ ಟೆಂಪೋ ಬಿಟ್ಟು ಬೇರೆ ಗಾಡಿ ಕರೆಯುವುದಿಲ್ಲ, ಅಷ್ಟೇ.

ಮಾಳಮಡ್ಡಿ ಮಾಸ್ತರ · 10:30

ದಿನಾರಿ ಎಂದರೆ ಕೂಲಿಯವನ ಒಂದು ದಿನದ ದುಡಿಮೆ. ನಿಮ್ಮ ಟೆಂಪೋದವನ ಲೆಕ್ಕವೂ ಅಲ್ಲಿಗೇ ಬಂತು.

ಕುರಿಹಟ್ಟಿ · 10:41

ಟೀಚರ್, ಇದನ್ನೇ ಮಕ್ಕಳಿಗೆ ಓದಿ ಹೇಳಿ. ಕೊಂಕಣ ಸುತ್ತಿ ಮೈಲಾರಕ್ಕೆ ಹೋಗುವುದು ಬೇಡ.

ಕೇಶ್ವಾಪುರ ಟೀಚರ್ · ಮುಂದಿನ ಭಾನುವಾರ, ಸಂಜೆ 5:30

ಓದಿ ಹೇಳಿದೆ. ವ್ಯಾಪಾರಿ ಅಣ್ಣಾ, ನಿಮ್ಮ ಅಪ್ಪಣೆ ಕೇಳದೆ ಹೇಳಿದ್ದಕ್ಕೆ ಕ್ಷಮೆ ಇರಲಿ. ಹಿಂದಿನ ಬೆಂಚು ನಗಲಿಲ್ಲ. ಮುಗಿದ ಮೇಲೆ ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಟ್ಟು, "ದಾರಿಯಲ್ಲಿ ನೀನು ಬಿದ್ದಿದ್ದೀಯ, ಯಾರು ಬಂದು ಎತ್ತಿದರೆ ನಿನಗೆ ಮುಜುಗರವಾಗುತ್ತದೆ, ಬರೆ, ಯಾರಿಗೂ ತೋರಿಸಬೇಡ" ಎಂದೆ. ಕೆಲವರು ಬಹಳ ಹೊತ್ತು ಬರೆದರು. ಒಬ್ಬ ಹುಡುಗ ಬರೆದು, ಚೀಟಿ ಹರಿದು, ಜೇಬಿಗೆ ಹಾಕಿಕೊಂಡ. ನಾನೂ ಒಂದು ಚೀಟಿ ಬರೆದೆ.

ಈಗ ನನ್ನ ವಿಷಯ. ಪಕ್ಕದ ಮನೆಯಾಕೆಗೆ ಹೊಟ್ಟೆಯ ಆಪರೇಷನ್ ಆಗಿದೆ, ಗಂಡ ಪರ ಊರಿನಲ್ಲಿ. ಶುಕ್ರವಾರ ನಸುಕಿನಲ್ಲಿ ನೀರು ಬಿಟ್ಟರು. ಅವರ ಮೋಟಾರಿನ ಸದ್ದು ಕೇಳಲಿಲ್ಲ. ಅದಕ್ಕಾಗಿ ಎರಡು ವರ್ಷ ಹಂಬಲಿಸಿದವಳು ನಾನು, ಆದರೆ ಅವತ್ತು ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಬಾಗಿಲು ಬಡಿದೆ. ಆಕೆ ಗೋಡೆ ಹಿಡಿದು ಬಂದು ತೆರೆದರು. ನಾನು ಏನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಎರಡು ಬ್ಯಾರೆಲ್, ಆರು ಕೊಡ ತುಂಬಿಸಿದೆ. ಪ್ರೀತಿ ಗೀತಿ ಏನೂ ಉಕ್ಕಲಿಲ್ಲ, ನಿಜ ಹೇಳುತ್ತೇನೆ. ಸೊಂಟ ನೋಯುತ್ತಿತ್ತು, ನಮ್ಮ ಮನೆಯ ನೀರು ಇನ್ನೂ ತುಂಬಿರಲಿಲ್ಲ. ಮೇಲಿಂದ ಆಕೆ "ಕುಡಿಯುವ ನೀರಿನ ಕೊಡ ಅಲ್ಲಿ ಇಡುವುದಲ್ಲ, ಈ ಕಡೆ" ಎಂದರು. ಎತ್ತಿ ಈ ಕಡೆ ಇಟ್ಟೆ.

ಸಂಜೆ ನಮ್ಮ ಅವ್ವ ಒಂದು ಡಬ್ಬಿಯಲ್ಲಿ ಗಂಜಿ ಕಳಿಸಿದಳು. ನಿನ್ನೆ ಡಬ್ಬಿ ತಿರುಗಿ ಬಂತು, ತೊಳೆದು, ಒರೆಸಿ, ಖಾಲಿ.

ಶಿಗ್ಗಾಂವಿ ಅಕ್ಕ · 5:41

ಖಾಲಿ ಡಬ್ಬಿ ತಿರುಗಿ ಕಳಿಸಿದರೇ! ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬಾರದಿತ್ತೇ?

ಕೇಶ್ವಾಪುರ ಟೀಚರ್ · 5:44

ನಾನೂ ಅವ್ವನಿಗೆ ಹಾಗೆಯೇ ಅಂದೆ ಅಕ್ಕಾವರೇ. ಅವ್ವ ನಕ್ಕು, ಹೊಲಿಗೆ ಹಾಕಿಸಿಕೊಂಡವಳು ಬಗ್ಗಿ ಡಬ್ಬಿ ತೊಳೆದಿದ್ದಾಳೆ ನೋಡು ಎಂದಳು.

ಕರಿಕೋಟು · 5:50

ಮೋಟಾರಿನ ಪ್ರಕರಣ ಹಿಂಪಡೆದಂತೆ ಎಂದು ಬರೆದುಕೊಳ್ಳಲೇ?

ಕೇಶ್ವಾಪುರ ಟೀಚರ್ · 5:52

ಇಲ್ಲ ಸರ್. ಮೋಟಾರು ಹಚ್ಚುವುದು ತಪ್ಪೇ. ಆಕೆ ಗುಣವಾದ ಮೇಲೆ ಅದನ್ನು ಮಾತನಾಡುತ್ತೇನೆ. ಈ ಸಲ ಒಳಗೆ ಕುಳಿತು.

ಸಪ್ತಾಪುರ ರೂಮ್ · 6:03

ಅಂದಹಾಗೆ ಕೇಶ್ವಾಪುರದಲ್ಲಿ ಮುಂದಿನ ಪಾಳಿ ಯಾವತ್ತು? ನಮ್ಮ ಓಣಿಗೆ ಈ ವಾರ ರಾತ್ರಿ ಎರಡು ಗಂಟೆಗೆ ಬಿಟ್ಟರು, ಎಂಟು ಜನರ ರೂಮಿನಲ್ಲಿ ಎದ್ದವನು ನಾನೊಬ್ಬನೇ.